ನೆಲಕ್ಕಿಟ್ಟ ಕಾಫಿ ಬಟ್ಟಲು

ಅಮ್ಮಾನ್,
12 ಮಾರ್ಚ್ 1998

ಪ್ರೀತಿಯ ನುಹಾ,

ನೀನು ದಕ್ಷಿಣಕ್ಕೆ ಹೊರಟುಹೋದ ಮೇಲೆ ನಮ್ಮ ಔಷಧಿ ಅಂಗಡಿಯಲ್ಲಿ ನನ್ನ ತಪ್ಪು ಹುಡುಕುವವರು ಯಾರೂ ಉಳಿದಿಲ್ಲ. ನಿನ್ನ ಇನ್ಸಾಫ್ ಅತ್ತೆ ಆ ಕೆಲಸ ವಹಿಸಿಕೊಳ್ಳಲು ಸಿದ್ಧಳಿದ್ದಾಳೆ. ಆದರೆ ಅವಳಿಗೆ ಕೆಮ್ಮಿನ ಔಷಧಿಗೂ ಕೂದಲೆಣ್ಣೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಹೀಗಾಗಿ ನಾನು ಬರೀ ಸರಿಯಾದದ್ದನ್ನೇ ಮಾಡುತ್ತಾ ಬೇಸರದಿಂದ ಕೂತಿದ್ದೇನೆ.

ಉಮ್ಮ್ ಸಿದ್ರಾ ಅನ್ನುವ ಊರು ನನ್ನ ನಕ್ಷೆಯಲ್ಲಿ ಇಲ್ಲ. ಅಲ್ಲಿನವರ ಮೂತ್ರಪಿಂಡ ಯಾಕೆ ಕೆಡುತ್ತಿದೆ ಎಂದು ನೀನು ಅಧ್ಯಯನ ಮಾಡಿ ಕಂಡುಹಿಡಿದರೆ ಸರ್ಕಾರ ಅಲ್ಲಿಗೆ ಡಯಾಲಿಸಿಸ್ ಯಂತ್ರ ಕೊಡುತ್ತದೆ ಎಂದೆಯಲ್ಲ, ಅದು ಒಳ್ಳೆಯ ಕೆಲಸವೇ. ರಕ್ತ ತೊಳೆಸಿಕೊಳ್ಳಲು ಅರ್ಧ ದಿನ ಲಾರಿಯಲ್ಲಿ ಕುಲುಕಿಕೊಂಡು ಪಟ್ಟಣಕ್ಕೆ ಹೋಗುವುದೆಂದರೆ, ಕಾಯಿಲೆ ಬಿಟ್ಟರೂ ಲಾರಿ ಬಿಡುವುದಿಲ್ಲ. ನನ್ನ ತಕರಾರು ನಿನ್ನ ಹೊಟ್ಟೆಯ ಬಗ್ಗೆ ಮಾತ್ರ. ಆ ಮರಳುಗಾಡಿನ ಬದಾವಿ ಬುಡಕಟ್ಟಿನವರು ಮನೆಗೆ ಬಂದವರಿಗೆ ಕಹಿ ಕಾಫಿ ಕೊಡದೆ ಬಿಡುವುದಿಲ್ಲ. ನಿನಗೆ ಅದು ಒಂದು ಗುಟುಕು ಇಳಿದರೂ ಎದೆಯುರಿ. ಹಾಗಂತ ಬೇಡ ಅನ್ನಬೇಡ, ಮನಸ್ಸು ನೋಯಿಸಿಕೊಳ್ಳುತ್ತಾರೆ. ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೋ, ನಗು, ಮೆಲ್ಲಗೆ ಎದುರಿನ ಜಮಖಾನೆಯ ಮೇಲಿಟ್ಟು ನಿನ್ನ ಮಾತು ಶುರು ಮಾಡು. ಯಾರೂ ಗಮನಿಸುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ದಂತವೈದ್ಯ ಬಾಸೆಲ್‌ನ ಮನೆಯವರು ಸುಮ್ಮನೆ ಒಂದು ದಿನ ಕಾಫಿಗೆ ಬರುತ್ತೇವೆ ಎಂದಿದ್ದಾರೆ. ಹುಡುಗನ ಹಲ್ಲು ಚೆನ್ನಾಗಿದೆ. ಏನನ್ನುತ್ತೀಯ ಬರೆ.

ನಿನ್ನ ಅಪ್ಪ,
ಮುನೀಬ್


ಉಮ್ಮ್ ಸಿದ್ರಾ,
2 ಏಪ್ರಿಲ್ 1998

ಪ್ರೀತಿಯ ಅಪ್ಪ,

ಈ ಊರಿನವರಷ್ಟು ಒಳ್ಳೆಯ ಜನರನ್ನು ನಾನು ಕಂಡಿಲ್ಲ. ನಡೆದದ್ದು ಹೇಳಿದರೆ ನೀವು ನಂಬಲಾರಿರಿ.

ಮೊದಲ ದಿನವೇ ಊರಿನ ಯಜಮಾನರಾದ ಶೇಖ್ ಮುತ್ಲಖ್ ನನ್ನನ್ನು ಗಂಡಸರ ಅತಿಥಿ ಚಾವಡಿಗೇ ಕರೆಸಿ, ತಮ್ಮ ಪಕ್ಕದಲ್ಲೇ ದಿಂಬು ಹಾಕಿಸಿದರು. ಹೆಂಗಸಿಗೆ ಅದು ದೊಡ್ಡ ಮರ್ಯಾದೆಯಂತೆ. ಊರಿನ ಹಿರಿಯರೆಲ್ಲ ಸುತ್ತ ಕೂತಿದ್ದರು. ಕಾಫಿ ಬಂತು. ನೀವು ಹೇಳಿದ ಹಾಗೇ ಬಲಗೈಯಲ್ಲಿ ತೆಗೆದುಕೊಂಡೆ, ನಕ್ಕೆ, ಜಮಖಾನೆಯ ಮೇಲಿಟ್ಟೆ.

ಅಪ್ಪ, ಕಾಫಿ ಹೊಯ್ಯುತ್ತಿದ್ದವನ ಕೈ ಹಾಗೇ ನಿಂತಿತು. ಒಬ್ಬ ಅಜ್ಜ ಇನ್ನೊಬ್ಬ ಅಜ್ಜನ ಕಿವಿಯಲ್ಲಿ ಏನೋ ಅಂದರು. ಶೇಖರ ಮೀಸೆ ನೋಡಿದರೆ ಪೊಲೀಸರೂ ದಾರಿ ಬಿಡಬೇಕು, ಅಂಥವರ ಮುಖ ಬಿಳಿಚಿಕೊಂಡಿತು. ಹೊಸಬಳಾದ ನನ್ನನ್ನು ಕಂಡು ನಾಚಿಕೆಯಿರಬೇಕು ಅಂದುಕೊಂಡೆ.

"ಏನು ಬೇಕು ಕೇಳು ಮಗಳೇ," ಅಂದರು ಶೇಖರು.

ಊರಿನ ದೊಡ್ಡವರೆಲ್ಲರ ರಕ್ತ, ಮೂತ್ರದ ಪರೀಕ್ಷೆ ಆಗಬೇಕು, ಇಷ್ಟವಿದ್ದವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು ಅಂದೆ.

"ಅಷ್ಟೇನಾ?"

"ಅಷ್ಟೇ."

ಹಿರಿಯರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಒಬ್ಬರಂತೂ ಕಣ್ಣೊರೆಸಿಕೊಂಡರು. "ಕುಡಿ ಮಗಳೇ, ನಿನ್ನ ಮಾತು ನಡೀತು," ಅಂದರು ಶೇಖರು. ನಾನು ತುಟಿಗೆ ತಾಗಿಸಿದ ಶಾಸ್ತ್ರ ಮಾಡಿದೆ. ಒಂದು ಪ್ರಶ್ನೆಯಿಲ್ಲ, ಒಂದು ಅನುಮಾನವಿಲ್ಲ. ಆಮೇಲೆ ಮನೆಮನೆಗೆ ಹೋದೆ. ಎಲ್ಲ ಕಡೆಯೂ ಕಾಫಿ, ಎಲ್ಲ ಕಡೆಯೂ ನಿಮ್ಮ ಉಪಾಯ, ಎಲ್ಲ ಕಡೆಯೂ ಒಪ್ಪಿಗೆ. ಒಬ್ಬರೂ ಬೇಡ ಅನ್ನಲಿಲ್ಲ. ನನ್ನ ಜೊತೆಗಿರುವ ನರ್ಸ್ ತಮಾಮ್ ಪಟ್ಟಣದವಳು, ಅವಳೂ ಮೂಗಿನ ಮೇಲೆ ಬೆರಳಿಟ್ಟಳು. ವಿಶ್ವವಿದ್ಯಾಲಯದಲ್ಲಿ ನನ್ನ ಅಧ್ಯಯನ ನೋಡಿಕೊಳ್ಳುವ ಪ್ರೊಫೆಸರ್ ಶಾಹೀನರಿಗೆ ಒಪ್ಪಿಗೆ ಪತ್ರಗಳನ್ನೆಲ್ಲ ಕಳಿಸಿದ್ದೇನೆ, ಅವರು ಕುಣಿದಾಡದಿದ್ದರೆ ಕೇಳಿ.

ದಂತವೈದ್ಯರ ವಿಷಯ ಆಮೇಲೆ ಬರೆಯುತ್ತೇನೆ. ಜೀಪು ಹೊರಟಿದೆ.

ನಿಮ್ಮ,
ನುಹಾ


ಅಮ್ಮಾನ್,
20 ಏಪ್ರಿಲ್ 1998

ನುಹಾ, ನನ್ನ ಕಣ್ಣೇ,

ನಿನ್ನ ಪತ್ರವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದ್ದೇನೆ. ನೆಗಡಿಗೆ ಮಾತ್ರೆ ಕೇಳಲು ಬಂದವನು ಪೂರ್ತಿ ಕೇಳದೆ ಹೋಗುವ ಹಾಗಿಲ್ಲ. ಬದಿಯ ಬಟ್ಟೆ ಅಂಗಡಿಯವನು, "ಎಲ್ಲರೂ ಒಪ್ಪಿದ್ರಾ? ನಾನು ಪುಕ್ಕಟೆ ಬಟ್ಟೆ ಕೊಡ್ತೀನಿ ಅಂದ್ರೂ ಅರ್ಧ ಜನ ಬಣ್ಣ ಸರಿಯಿಲ್ಲ ಅಂತಾರೆ," ಅಂದ. ಅವನಿಗೆ ಹೊಟ್ಟೆಯುರಿ. ಸಲಹೆ ಕೊಟ್ಟವನು ಯಾರು ಎಂಬುದನ್ನೂ ನಾನು ಮರೆಯದೆ ಹೇಳುತ್ತಿದ್ದೇನೆ.

ಬಾಸೆಲ್ ವಿಷಯಕ್ಕೆ ನೀನು ಉತ್ತರ ಬರೆಯಲೇ ಇಲ್ಲ. ಹುಡುಗಿ ಸುಮ್ಮನಿದ್ದಳೆಂದರೆ ಒಪ್ಪಿದಳೆಂದೇ ಲೆಕ್ಕ ಅನ್ನುತ್ತಾಳೆ ನಿನ್ನ ಅತ್ತೆ. ಹಾಗಾಗಿ ಅವರಿಗೆ ಬನ್ನಿ ಎಂದು ಹೇಳಿ ಕಳಿಸಿದ್ದೇವೆ. ಜೂನ್ ಕೊನೆಗೆ ಒಂದು ಗುರುವಾರ. ಹುಡುಗನ ದೊಡ್ಡಪ್ಪನೇ ಹಿರಿಯರನ್ನೆಲ್ಲ ಕರೆದುಕೊಂಡು ಬರುತ್ತಾನಂತೆ. ಮದುವೆಯಾದ ಮೇಲೆ ಇಲ್ಲೇ ಅವನ ಆಸ್ಪತ್ರೆಯ ಮಹಡಿಯ ಮೇಲೆ ರೋಗಿಗಳನ್ನು ನೋಡಲು ನಿನಗೊಂದು ಕೋಣೆ ಕೊಡುತ್ತಾರೆ. ಮರಳುಗಾಡಿನಲ್ಲಿ ಮೂತ್ರ ಹಿಡಿದುಕೊಂಡು ಓಡಾಡುವುದು ತಪ್ಪುತ್ತದೆ.

ನಿನ್ನ ಅಪ್ಪ,
ಮುನೀಬ್


ಉಮ್ಮ್ ಸಿದ್ರಾ,
9 ಮೇ 1998

ಅಪ್ಪ,

ಆ ಬಟ್ಟಲಿನ ಕಥೆಯನ್ನು ಇನ್ನು ಯಾರಿಗೂ ಹೇಳಬೇಡಿ. ಹೇಳಿದವರ ಬಳಿ ಹೋಗಿ ವಾಪಸ್ ತೆಗೆದುಕೊಳ್ಳಿ.

ಪ್ರೊಫೆಸರ್ ಶಾಹೀನ್ ಕುಣಿದಾಡಲಿಲ್ಲ. ವಿಶ್ವವಿದ್ಯಾಲಯದ ನೀತಿ ಸಮಿತಿ ನನ್ನ ಒಪ್ಪಿಗೆ ಪತ್ರಗಳನ್ನು ನೋಡಿ, ಜಗತ್ತಿನಲ್ಲಿ ಯಾವ ಊರೂ ಹೀಗೆ ಒಬ್ಬರೂ ಬಿಡದೆ ಒಪ್ಪಿದ್ದಿಲ್ಲ, ಒಂದೋ ಡಾಕ್ಟರು ಹೆದರಿಸಿದ್ದಾರೆ ಅಥವಾ ಎಲ್ಲ ಹೆಬ್ಬೆಟ್ಟೂ ಅವರದೇ ಎಂದಿದೆಯಂತೆ. ರೋಗಿ ಮನಸಾರೆ ಒಪ್ಪಬೇಕು, ಬೇಡ ಅನ್ನಲು ದಾರಿ ತೆರೆದಿರಬೇಕು, ಇಲ್ಲದಿದ್ದರೆ ಅದು ಸಂಶೋಧನೆಯಲ್ಲ, ದರೋಡೆ. ಇದನ್ನು ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ.

ಮೈಯೆಲ್ಲ ಉರಿದುಹೋಯಿತು. ನೇರ ಶೇಖರ ತಾಯಿ, ಹಜ್ ಯಾತ್ರೆ ಮಾಡಿಬಂದ ಹಜ್ಜಾ ಹಮ್ದಾ ಅವರ ಬಳಿ ಹೋದೆ. ಊರಿನಲ್ಲಿ ನೇರ ಮಾತಾಡುವವರು ಅವರೊಬ್ಬರೇ. "ಹಜ್ಜಾ, ನೀವು ಯಾಕೆ ಒಪ್ಪಿದ್ರಿ? ನಾನೇನಾದ್ರೂ ಬಲವಂತ ಮಾಡಿದ್ನಾ?" ಎಂದು ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಟ್ಟಲು ನೆಲಕ್ಕಿಟ್ಟೋಳು ನೀನು. ಈಗ ಬಂದು ಬಲವಂತ ಮಾಡಿದ್ನಾ ಅಂತ ನನ್ನನ್ನ ಕೇಳ್ತೀಯಾ?"

"ಬಟ್ಟಲು ಇಟ್ರೆ ಏನಾಯ್ತು?"

"ಏನಾಯ್ತಾ? ಹೆಣ್ಣು ಕೇಳೋಕೆ ಬಂದೋನು ಇಡ್ತಾನೆ. ಕೊಲೆಗೆ ರಾಜಿ ಕೇಳೋಕೆ ಬಂದೋನು ಇಡ್ತಾನೆ. ಕೇಳಿದ್ದು ಕೊಡೋವರೆಗೂ ನಿನ್ನ ಕಾಫಿ ಮುಟ್ಟಲ್ಲ ಅಂತ ಅದರ ಅರ್ಥ. ಅತಿಥಿ ಕಾಫಿ ಕುಡೀದೆ ಎದ್ದುಹೋದ್ರೆ ಆ ಮನೆಯೋರು ಮಾರನೇ ದಿನ ಮುಖ ಎತ್ತಿ ತಿರುಗೋ ಹಾಗಿಲ್ಲ. ಈ ಚಾವಡೀಲಿ ಇವತ್ತಿನವರೆಗೂ ಒಬ್ಬ ಹೆಂಗಸು ಬಟ್ಟಲು ಇಟ್ಟಿರಲಿಲ್ಲ. ನನ್ನ ಮಗ ನಡುಗಿಹೋದ. ಇವಳು ಕೇಳೋದು ನಮ್ಮ ಬಾವೀನೋ, ಯಾರದಾದ್ರೂ ತಲೇನೋ ಅಂತ. ರಕ್ತ ಅಂದೆ. ರಕ್ತ ತಾನೆ, ತಗೊಂಡು ಹೋಗ್ಲಿ, ಮರ್ಯಾದೆ ಉಳೀತು ಅಂದ್ವಿ."

"ನಿಮಗೆ ಇಷ್ಟ ಇರಲಿಲ್ವಾ?"

"ಸೂಜಿ ಯಾರಿಗೆ ಇಷ್ಟ? ತೋಳು ನೋಡು, ಹೇಗೆ ನೀಲಿಗಟ್ಟಿದೆ."

ನಾನೂ ನೀವೂ ಇದನ್ನು ನೂರು ನಿಶ್ಚಿತಾರ್ಥಗಳಲ್ಲಿ ನೋಡಿದ್ದೇವಲ್ಲ ಅಪ್ಪ. ಪೇಟೆಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಎದುರಿಗೆ ಮಿಠಾಯಿ ಜೋಡಿಸಿರುತ್ತದೆ, ಬಟ್ಟಲಿಡುವುದು ಬರೀ ನಾಟಕ. ಎದೆಯುರಿಯಿರುವ ಹೆಂಗಸಿಗೆ ಅದು ಅನ್ವಯಿಸುತ್ತದೆ ಎಂದು ಹೊಳೆಯಲೇ ಇಲ್ಲ. ನಾನು ಒಂದೊಂದೇ ಮನೆಗೆ ಹೋಗಿ, ನಗುನಗುತ್ತಾ, ಇಡೀ ಊರಿನ ಮರ್ಯಾದೆಯ ಕುತ್ತಿಗೆಗೆ ಚಾಕು ಇಟ್ಟು ರಕ್ತ ಇಸಿದುಕೊಂಡು ಬಂದಿದ್ದೇನೆ.

ಒಪ್ಪಿಗೆಯೆಲ್ಲ ರದ್ದು, ತೆಗೆದ ರಕ್ತವೂ ರದ್ದು. ಜುಲೈ ಒಳಗೆ ಹೊಸದಾಗಿ, ಸರಿಯಾಗಿ ಒಪ್ಪಿಗೆ ಪಡೆಯದಿದ್ದರೆ ಈ ಅಧ್ಯಯನ ಮುಚ್ಚಿಹೋಗುತ್ತದೆ. ಅಧ್ಯಯನ ಇಲ್ಲದೆ ಯಂತ್ರ ಇಲ್ಲ. ನಿನ್ನೆ ಪಟ್ಟಣದಿಂದ ರಕ್ತ ತೊಳೆಸಿಕೊಂಡು ಬಂದ ಒಬ್ಬ ಕುರಿ ಕಾಯುವವನು ಲಾರಿಯಿಂದ ಇಳಿಯಲಾಗದೆ ಅಲ್ಲೇ ಮಲಗಿಬಿಟ್ಟಿದ್ದ. ಅವನನ್ನು ಕಂಡು ಅತ್ತುಬಿಟ್ಟೆ.

ನಿಮ್ಮ,
ನುಹಾ


ಅಮ್ಮಾನ್,
18 ಮೇ 1998

ಪ್ರೀತಿಯ ಮಗಳೇ,

ತಲೆಯ ಮೇಲೆ ಕೈ ಹೊತ್ತು ಕೂತಿದ್ದೇನೆ. ಬಟ್ಟೆ ಅಂಗಡಿಯವನ ಮುಂದೆ ಓಡಾಡುವುದನ್ನೇ ಬಿಟ್ಟು ಹಿಂದಿನ ಓಣಿಯಿಂದ ಅಂಗಡಿಗೆ ಬರುತ್ತಿದ್ದೇನೆ. ಆದರೂ ಅವನು ಮೊನ್ನೆ ಎದುರಾಗಿ, "ಏನು ಮುನೀಬ್ ಸಾಹೇಬ್ರೆ, ಮಗಳು ಈಗ ಯಾವ ಊರಿನ ರಕ್ತ ಕೇಳ್ತಿದಾಳೆ?" ಎಂದ.

ನಿನ್ನ ಅಮ್ಮನನ್ನು ಹೆಣ್ಣು ಕೇಳಲು ಹೋದಾಗ ನನ್ನ ಕಡೆಯಿಂದ ಬಟ್ಟಲಿಟ್ಟದ್ದು ನನ್ನ ದೊಡ್ಡಪ್ಪ. ನಾನು ಅಲ್ಲೇ ಇದ್ದೆ. ಅಂಥ ನಾನೇ ನಿನಗೆ ಇಂಥ ಬುದ್ಧಿ ಹೇಳಿದೆನಲ್ಲ. ಔಷಧಿ ಕೊಡುವಾಗ ಅಡ್ಡಪರಿಣಾಮ ಹೇಳದೆ ಕೊಟ್ಟ ಹಾಗಾಯಿತು.

ಈ ಪೊಟ್ಟಣದಲ್ಲಿ ಸೋಡಾ ಪುಡಿ ಇದೆ. ಕಾಫಿಗೆ ಮೊದಲು ಒಂದು ಚಿಟಿಕೆ, ಆಮೇಲೆ ಒಂದು ಚಿಟಿಕೆ. ಇನ್ನು ಮುಂದೆ ಕೊಟ್ಟ ಕಾಫಿಯನ್ನೆಲ್ಲ ಕುಡಿ, ಒಂದು ತೊಟ್ಟೂ ಬಿಡಬೇಡ. ಸಾಕೆನಿಸಿದಾಗ ಬಟ್ಟಲು ಅಲ್ಲಾಡಿಸಿ ಕೊಡು. ಅಲ್ಲಾಡಿಸದೆ ಕೊಟ್ಟರೆ ಹೊಯ್ಯುತ್ತಲೇ ಇರುತ್ತಾರೆ, ಇದಾದರೂ ನನಗೆ ಸರಿಯಾಗಿ ಗೊತ್ತು.

ಬಾಸೆಲ್ ಕಡೆಯವರು ಜೂನ್ 25ಕ್ಕೆ ಬರುತ್ತಾರೆ. ನೀನು ಹಿಂದಿನ ದಿನವೇ ಬಾ. ನಿನ್ನ ಅತ್ತೆ ಕುನಾಫಾ ಮಿಠಾಯಿಯ ತಟ್ಟೆಗಳನ್ನು ಈಗಾಗಲೇ ಹೇಳಿಟ್ಟಿದ್ದಾಳೆ.

ನಿನ್ನ ಅಪ್ಪ,
ಮುನೀಬ್


ಉಮ್ಮ್ ಸಿದ್ರಾ,
14 ಜೂನ್ 1998

ಪ್ರೀತಿಯ ಅಪ್ಪ,

ನಿಮ್ಮ ಸೋಡಾ ಪುಡಿ ಖಾಲಿಯಾಗಿದೆ. ಇನ್ನಷ್ಟು ಕಳಿಸಿ.

ಮೊದಲ ವಾರ ಮನೆಮನೆಗೆ ಹೋಗಿ, ಕಾಫಿ ಕುಡಿದು, "ಹಿಂದಿನದೆಲ್ಲ ರದ್ದು, ಈಗ ನಿಮಗೆ ಇಷ್ಟ ಇಲ್ಲದಿದ್ರೆ ಧೈರ್ಯವಾಗಿ ಬೇಡ ಅನ್ನಿ," ಎಂದು ಗೋಗರೆದೆ. ಒಬ್ಬರಾದರೂ ಅನ್ನಬೇಕಲ್ಲ. ಶೇಖರಂತೂ ನೊಂದುಕೊಂಡರು. "ಮನೆಗೆ ಬಂದೋರಿಗೆ ಇಲ್ಲ ಅನ್ನೋದು ಹೇಗೆ ಮಗಳೇ? ನನ್ನ ನಾಲಿಗೆ ಹೊರಳಲ್ಲ. ಬೇಕಾದ್ರೆ ಇನ್ನೊಂದು ತೋಳೂ ತಗೋ." ಬೇಡ ಅನ್ನಿ ಎಂದು ನಾನು ಒತ್ತಾಯಿಸಿದಷ್ಟೂ ಅವರು ಹ್ಞೂಂ ಅನ್ನುತ್ತಿದ್ದರು. ಅತಿಥಿಯ ಮಾತು ನಡೆಸಬೇಕೆಂದು ಬೇಡ ಅಂದರೂ ಅದು ನಿಜವಾದ ಬೇಡವಲ್ಲ. ತಲೆ ಕೆಟ್ಟುಹೋಯಿತು.

ಒಂದು ಸಂಜೆ ಹಜ್ಜಾ ಹಮ್ದಾ ಚಿಕಿತ್ಸಾಲಯಕ್ಕೆ ಮಂಡಿನೋವಿನ ಮುಲಾಮು ಕೇಳಿಕೊಂಡು ಬಂದರು. ತಮಾಮ್ ಕಾಫಿ ಕೊಟ್ಟಳು. ಹಜ್ಜಾ ಒಂದು ಗುಟುಕು ಕುಡಿದು, ಮುಖ ಕಿವುಚಿ, ಬಟ್ಟಲು ಅಲ್ಲಾಡಿಸಿ ವಾಪಸ್ ಕೊಟ್ಟುಬಿಟ್ಟರು. ಯಾವ ಸಂಕೋಚವೂ ಇಲ್ಲ. ಆಗ ನನ್ನ ತಲೆಗೆ ಹೊಳೆಯಿತು. ಮನೆಯವರಿಗೆ ಬೇಡ ಅನ್ನುವ ಹಕ್ಕಿಲ್ಲ, ಆದರೆ ಅತಿಥಿಗೆ ಇದೆ. ಇಷ್ಟು ದಿನ ನಾನೇ ಅತಿಥಿಯಾಗಿ ಹೋಗಿ ಆ ಹಕ್ಕನ್ನು ನಾನೇ ಇಟ್ಟುಕೊಂಡು ಕೂತಿದ್ದೆ.

ಮಾರನೇ ದಿನದಿಂದ ಊರಿನವರನ್ನೆಲ್ಲ ಚಿಕಿತ್ಸಾಲಯಕ್ಕೆ ಕಾಫಿಗೆ ಕರೆದೆ. ಚಾಪೆ ಹಾಸಿದೆ, ಒಲೆ ಹೊತ್ತಿಸಿದೆ, ನಾನೇ ಹೊಯ್ದೆ. ಪರೀಕ್ಷೆ ಯಾಕೆ, ಏನು ಲಾಭ, ಎಲ್ಲಿ ನೋಯುತ್ತದೆ ಎಲ್ಲ ಹೇಳಿದೆ. "ಇದು ನನ್ನ ಮನೆ, ನೀವು ಅತಿಥಿಗಳು. ಪರೀಕ್ಷೆ ಬೇಡದವರು ಬಟ್ಟಲು ಅಲ್ಲಾಡಿಸಿ ಕೊಡಿ," ಅಂದೆ. ಅಲ್ಲಾಡಿಸದವರನ್ನು ತಮಾಮ್ ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಗಂಡನಿಲ್ಲದೆ ಅಣ್ಣನಿಲ್ಲದೆ, ಮತ್ತೊಮ್ಮೆ ಕೇಳುವುದು ಎಂದು ಏರ್ಪಾಡು. ಕಾಫಿ ರುಚಿಯಾಗಿದ್ದರೆ ಇನ್ನೊಂದು ಬಟ್ಟಲಿನ ಆಸೆಗೆ ಅಲ್ಲಾಡಿಸದೆ ಕೊಟ್ಟುಬಿಡುತ್ತಾರೇನೋ ಎಂಬ ಭಯವಿತ್ತು. ಹಾಗಾಗಿ ಕಾಫಿ ಕೆಟ್ಟದಾಗಿರುವುದು ಅಗತ್ಯವಾಗಿತ್ತು. ಅದಕ್ಕಾಗಿ ನಾನೇನೂ ವಿಶೇಷ ಕಷ್ಟಪಡಲಿಲ್ಲ.

ಮೊದಲು ಎಲ್ಲರೂ ಮಾಮೂಲಿನಂತೆ ಸುಮ್ಮನೆ ಬಟ್ಟಲು ಚಾಚಿದರು. ಆಮೇಲೆ ಹಜ್ಜಾ ಹಮ್ದಾ ಅವರ ಸರದಿ. ಕುಡಿದರು. ನನ್ನ ಕಣ್ಣಲ್ಲಿ ಕಣ್ಣಿಟ್ಟರು. ಬಟ್ಟಲನ್ನು ಎತ್ತಿ ಹಿಡಿದು ಚೆನ್ನಾಗಿ ಅಲ್ಲಾಡಿಸಿದರು.

"ಅಮ್ಮಾ," ಎಂದು ಶೇಖರು ಎದ್ದು ನಿಂತರು, ನಾಚಿಕೆಯಿಂದ ಕಿವಿಯೆಲ್ಲ ಕೆಂಪು.

"ಸುಮ್ನೆ ಕೂತ್ಕೋ. ನಾನಿಲ್ಲಿ ಅತಿಥಿ."

"ಆಯ್ತು ಹಜ್ಜಾ," ಅಂದೆ ನಾನು.

"ಆಯ್ತಾ? ಅಷ್ಟೇನಾ? ಜಗಳ ಆಡಲ್ವಾ?"

"ಆಡಲ್ಲ."

"ನಾಳೆ ಮಂಡಿ ನೋವು ಜಾಸ್ತಿಯಾದ್ರೆ ಮುಲಾಮು ಕೊಡಲ್ಲ ಅಂತೀಯೇನೋ."

"ಕೊಡ್ತೀನಿ. ಬೇಡ ಅಂದೋರಿಗೂ ಅದೇ ಮುಲಾಮು, ಅದೇ ಡಾಕ್ಟ್ರು."

ಮನೆಯಿಂದ ಸಿದ್ಧ ಮಾಡಿಕೊಂಡು ಬಂದ ಜಗಳವೆಲ್ಲ ವ್ಯರ್ಥವಾಯಿತು ಎಂಬ ಬೇಸರ ಹಜ್ಜಾ ಅವರ ಮುಖದಲ್ಲಿ ಕಾಣುತ್ತಿತ್ತು. ನಾನು ಸಂತೋಷ ತಡೆಯಲಾಗದೆ ಅವರ ಕೈಗೆ ಮುತ್ತಿಟ್ಟೆ. ಇವಳಿಗೆ ಬಿಸಿಲು ಹೊಡೆದಿದೆ ಎಂದು ಅವರು ತಮಾಮ್‌ಗೆ ಹೇಳಿದರಂತೆ.

ಆಮೇಲೆ ಕೇಳಬೇಕೇ. ಊರಿನ ಶಾಲೆಯ ಮೇಷ್ಟ್ರು ಅಲ್ಲಾಡಿಸಿದರು. ಹಿಂದೆ ಗಂಡನೇ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ್ದ ಹೊಸ ಮದುವಣಗಿತ್ತಿ ಅಲ್ಲಾಡಿಸಿದಳು, ಅದೂ ಗಂಡನಿಗೆ ಕಾಣುವ ಹಾಗೆ. ಕೊನೆಗೆ ಯಾರು ಗೊತ್ತೇ? ಶೇಖ್ ಮುತ್ಲಖ್. ಅವರಿಗೆ ಸೂಜಿ ಕಂಡರೆ ತಲೆ ಸುತ್ತುತ್ತದಂತೆ, ಹಿಂದಿನ ಸಲ ಹಲ್ಲು ಕಚ್ಚಿಕೊಂಡು ಕೂತಿದ್ದರಂತೆ. ಮೀಸೆಯ ಕೆಳಗೆ ಆ ದಿನ ಕಂಡ ನೆಮ್ಮದಿಯ ನಗು ಮರೆಯಲಾರೆ. ಉಳಿದವರೆಲ್ಲ ಒಪ್ಪಿದ್ದಾರೆ, ಅಧ್ಯಯನಕ್ಕೆ ಬೇಕಾದಷ್ಟಾಯಿತು. ಒಪ್ಪಿದವರು ಸೂಜಿ ಎಲ್ಲಿ ಚುಚ್ಚುತ್ತೀ, ಫಲಿತಾಂಶ ಯಾವಾಗ ಎಂದು ಈಗ ಪ್ರಶ್ನೆ ಕೇಳಿ ಜೀವ ತಿನ್ನುತ್ತಾರೆ. ಎಲ್ಲ ಸಮಿತಿಗೆ ಕಳಿಸಿದ್ದೇನೆ.

25ಕ್ಕೆ ಬರಲು ಆಗುತ್ತದೋ ಏನೋ, ನೋಡುತ್ತೇನೆ.

ನಿಮ್ಮ,
ನುಹಾ


ಅಮ್ಮಾನ್,
27 ಜೂನ್ 1998

ನುಹಾ,

ನೀನು ಬರಲಿಲ್ಲ. ಬರುವುದಿಲ್ಲ ಎಂದು ಬರೆಯಲೂ ಇಲ್ಲ. ಅವರೆಲ್ಲ ಬಂದರು.

ಹುಡುಗನ ದೊಡ್ಡಪ್ಪ ವಂಶಾವಳಿ, ಹುಡುಗನ ಗುಣ, ಹಲ್ಲಿನ ಕುರ್ಚಿ ಜರ್ಮನಿಯಿಂದ ತರಿಸಿದ್ದು, ಒಂದನ್ನೂ ಬಿಡದೆ ಭಾಷಣ ಮಾಡಿದ. ಆಮೇಲೆ ಕಾಫಿ ಬಟ್ಟಲನ್ನು ಮೇಜಿನ ಮೇಲಿಟ್ಟು ಗಡ್ಡ ನೀವಿಕೊಂಡ. "ಕುಡೀರಿ, ನಿಮ್ಮ ಮಾತು ನಡೀತು" ಎಂದು ನಾನು ಹೇಳಬೇಕಿತ್ತು. ಅದನ್ನು ಬೆಳಗ್ಗೆ ಕನ್ನಡಿಯ ಮುಂದೆ ಅಭ್ಯಾಸವೂ ಮಾಡಿದ್ದೆ.

ಆ ಬಟ್ಟಲನ್ನು ನೋಡುತ್ತಾ ಕೂತೆ. ನೀಲಿಗಟ್ಟಿದ ಆ ಅಜ್ಜಿಯ ತೋಳು ನೆನಪಾಯಿತು. ನಿನ್ನ ಪತ್ರಗಳು ನೆನಪಾದವು. "ಆಮೇಲೆ ಬರೆಯುತ್ತೇನೆ," "ಜೀಪು ಹೊರಟಿದೆ," "ನೋಡುತ್ತೇನೆ" ಎಂದಷ್ಟೇ ನೀನು ಬರೆದದ್ದು. ನಿನ್ನ ನಾಲಿಗೆಯೂ ಹೊರಳುವುದಿಲ್ಲ ಎಂದು ಆಗ ಅರ್ಥವಾಯಿತು. ಊರಿಗೆಲ್ಲ ಬೇಡ ಅನ್ನಲು ಕಲಿಸುವವಳಿಗೆ ನನ್ನ ಹತ್ತಿರ ಮಾತ್ರ ಬರುವುದಿಲ್ಲ. ಆ ದಿನ ನನ್ನ ದೊಡ್ಡಪ್ಪ ಬಟ್ಟಲಿಟ್ಟಾಗ ನಿನ್ನ ಅಮ್ಮನನ್ನು ಯಾರಾದರೂ ಕೇಳಿದ್ದರೋ ಇಲ್ಲವೋ ಎಂಬ ಯೋಚನೆಯೂ ನನಗೆ ಮೊದಲ ಸಲ ಬಂತು. ಅವಳು ಬದುಕಿದ್ದರೆ ಈಗಲಾದರೂ ಕೇಳುತ್ತಿದ್ದೆ. ತುಂಬಾ ಸಂಕಟವಾಯಿತು.

"ಕ್ಷಮಿಸಿ, ಅವಳನ್ನ ಕೇಳಿಲ್ಲ," ಅಂದೆ.

"ಕೇಳಿಲ್ಲ ಅಂದ್ರೆ?" ಅಂದ ಹುಡುಗನ ದೊಡ್ಡಪ್ಪ.

"ಕೇಳಿಲ್ಲ ಅಂದ್ರೆ ಕೇಳಿಲ್ಲ. ಕೇಳಿ ಹೇಳ್ತೀನಿ."

ಕಾಫಿ ಆರಿಹೋಯಿತು. ದೊಡ್ಡಪ್ಪ ಕುಡಿಯದೆ ಎದ್ದು ಹೋದ. ಬಾಸೆಲ್ ಮಾತ್ರ ಹೋಗುವ ಮೊದಲು ಎರಡು ತುಂಡು ಕುನಾಫಾ ತಿಂದ, ಪಾಪ, ಒಳ್ಳೆಯ ಹುಡುಗ. ಬಟ್ಟೆ ಅಂಗಡಿಯವನಿಗೆ ಒಂದು ತಿಂಗಳಿಗಾಗುವಷ್ಟು ಮಾತು ಸಿಕ್ಕಿತು. ನಿನ್ನ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮನೆ ಶಾಂತವಾಗಿದೆ.

ಈ ಪೊಟ್ಟಣದಲ್ಲಿ, ಸೋಡಾ ಪುಡಿಯ ಜೊತೆ, ಅದೇ ಬಟ್ಟಲನ್ನು ತೊಳೆದು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಮನೆ ನನ್ನದು, ಅತಿಥಿ ನೀನು. ಏನು ಮಾಡಬೇಕೆಂದು ನಿನಗೆ ಗೊತ್ತು. ನೆಲಕ್ಕೆ ಮಾತ್ರ ಇಡಬೇಡ.

ನಿನ್ನ ಅಪ್ಪ


ಉಮ್ಮ್ ಸಿದ್ರಾ,
6 ಜುಲೈ 1998

ಅಪ್ಪ,

ಸಮಿತಿ ಒಪ್ಪಿತು. ಶೇಖರೇ ಬೇಡ ಅಂದಿದ್ದಾರೆ ಎಂದು ಓದಿದ ಮೇಲೆ ಅಧ್ಯಕ್ಷರು, "ಈಗ ನಂಬಬಹುದು," ಅಂದರಂತೆ. ಅಧ್ಯಯನ ಚಳಿಗಾಲದವರೆಗೂ ನಡೆಯುತ್ತದೆ. ಯಂತ್ರ ಬರುತ್ತದೋ ಇಲ್ಲವೋ ಆಮೇಲಿನ ಮಾತು, ಕೇಳಲು ಈಗ ನಮಗೆ ಬಾಯಿದೆ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಉತ್ತರವನ್ನು ಬರೆದು ಬರೆದು ಹರಿದೆ. ಹಜ್ಜಾ ಹಮ್ದಾ ಪಕ್ಕದಲ್ಲಿ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತಾ ನೋಡುತ್ತಿದ್ದವರು, "ಒಂದು ಮಾತಿಗೆ ಎಷ್ಟು ಕಾಗದ ಹರೀತೀಯೇ," ಎಂದು ಬೈದರು.

ಬೇಡ ಅಪ್ಪ. ಬಾಸೆಲ್ ಬೇಡ, ಮಹಡಿಯ ಮೇಲಿನ ಕೋಣೆಯೂ ಬೇಡ. ನನಗೆ ಇಲ್ಲೇ ಕೆಲಸ ಇದೆ.

ಬಟ್ಟಲನ್ನು ವಾಪಸ್ ಕಳಿಸುತ್ತಿದ್ದೇನೆ. ಡಬ್ಬಿಯಲ್ಲಿ ಹತ್ತಿ ಬೇಕೆಂದೇ ಹಾಕಿಲ್ಲ. ಅಮ್ಮಾನಿನವರೆಗೂ ದಾರಿಯುದ್ದಕ್ಕೂ ಅಲ್ಲಾಡಿಕೊಂಡು ಬರಲಿ.

ನಿಮ್ಮ,
ನುಹಾ


ಅಮ್ಮಾನ್,
15 ಜುಲೈ 1998

ನನ್ನ ತಾಯೀ,

ಬಟ್ಟಲು ತಲುಪಿತು. ಅಂಚು ಸ್ವಲ್ಪ ಒಡೆದಿದೆ. ಡಬ್ಬಿಯೊಳಗೆ ಅದು ಮಾಡಿದ ಗಲಾಟೆಗೆ ಜೀಪಿನ ಚಾಲಕ ಎರಡು ಸಲ ನಿಲ್ಲಿಸಿ ಇಂಜಿನ್ ನೋಡಿದನಂತೆ. ಅಂಗಡಿಯಲ್ಲಿ ಕೆಮ್ಮಿನ ಔಷಧಿಗಳ ಪಕ್ಕದಲ್ಲಿ ಇಟ್ಟಿದ್ದೇನೆ. ಏನಿದು ಎಂದು ಕೇಳಿದವರಿಗೆ ಹೇಳುತ್ತೇನೆ, ಬಟ್ಟೆ ಅಂಗಡಿಯವನಿಗೂ ಹೇಳಿದೆ.

ಆಗಸ್ಟಿನಲ್ಲಿ ಒಂದು ವಾರ ಮನೆಗೆ ಬರುತ್ತೀಯಾ? ಬರುವುದಿಲ್ಲವಾದರೆ ಬೇಡ ಎಂದು ಬರೆ. ನಿನ್ನ ಅಕ್ಷರದಲ್ಲಿ ಆ ಪದ ಚೆನ್ನಾಗಿ ಕಾಣುತ್ತದೆ.

ನಿನ್ನ ಅಪ್ಪ,
ಮುನೀಬ್